ಹೊಗೆಗೂ ನೀರಿಗೂ ದಾರಿ ಬಿಟ್ಟ ಮನೆ

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು, ಈಗ ಇಂಗ್ಲೆಂಡಿನಲ್ಲಿ ನೆಲೆಸಿದ್ದೇವೆ. ಡೆವನ್ ಕೌಂಟಿಯ ಕ್ರೆಡಿಟನ್ ಪಟ್ಟಣದ ಹತ್ತಿರ ಒಂದು ಹಳ್ಳಿಯಲ್ಲಿ ಹಳೆಯ ಕಾಟೇಜ್ ಕೊಂಡಿದ್ದೇವೆ. ಮಣ್ಣಿನ ಗೋಡೆ, ಹುಲ್ಲಿನ ಮಾಡು. ಸರ್ಕಾರದ ಪಟ್ಟಿಯಲ್ಲಿ ಎರಡನೇ ದರ್ಜೆಯ ಸಂರಕ್ಷಿತ ಕಟ್ಟಡ. ಅಟ್ಟ ಹತ್ತಿ ನೋಡಿದರೆ ಮಾಡಿನ ಮರಗಳೂ ಹುಲ್ಲಿನ ಒಳಮೈಯೂ ಕಪ್ಪೋ ಕಪ್ಪು. ಅಲ್ಲೆಲ್ಲೂ ಒಲೆಯಿಲ್ಲ. ಹಿಂದೆಂದೋ ಬೆಂಕಿ ಬಿದ್ದಿರಬೇಕು ಎಂದು ಮನೆ ತೋರಿಸಿದ ಏಜೆಂಟರು ಹೇಳಿದರು; ತೊಲೆಗಳು ಸ್ಪೇನಿನ ಯುದ್ಧನೌಕೆಗಳಿಂದ ಬಂದವು ಎಂದೂ ಹೇಳಿದರು. ನಿಜವೇ? ಕೆಳಗಿನ ದೊಡ್ಡ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ಸದಾ ಒದ್ದೆ, ಬಣ್ಣ ಪದರಪದರವಾಗಿ ಏಳುತ್ತಿದೆ. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿ ಸಿಮೆಂಟ್ ಗಿಲಾವು ಮಾಡಿದರೆ ಸರಿಹೋಗುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಕೊನೆಯದಾಗಿ, ಬಾಗಿಲುಗಳು ತೀರ ಗಿಡ್ಡ. ನಮ್ಮ ಯಜಮಾನರ ಹಣೆಗೆ ಪೆಟ್ಟು ತಪ್ಪಿದ್ದಲ್ಲ. ಬಾಗಿಲು ಎತ್ತರಿಸಬಹುದೇ?

ಉತ್ತರ: ಮೊದಲು ಗುತ್ತಿಗೆದಾರರಿಗೆ ಫೋನ್ ಮಾಡಿ, ಸದ್ಯಕ್ಕೆ ಬರುವುದು ಬೇಡವೆಂದು ತಿಳಿಸಿ. ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಪ್ರಶ್ನೆಗಳು ಬೇರೆಬೇರೆ ಎಂದು ಕಂಡರೂ ಬೇರು ಒಂದೇ. ಈ ಮನೆ ಕಟ್ಟಿದವರು ಹೊಗೆಯನ್ನಾಗಲಿ ನೀರನ್ನಾಗಲಿ ತಡೆದು ನಿಲ್ಲಿಸುವ ಗೋಜಿಗೆ ಹೋಗಲಿಲ್ಲ. ಎರಡಕ್ಕೂ ಹೊರಹೋಗಲು ದಾರಿ ಬಿಟ್ಟರು. ಆಮೇಲೆ ಬಂದವರು ಒಂದೊಂದಾಗಿ ಆ ದಾರಿಗಳನ್ನು ಮುಚ್ಚುತ್ತ ಬಂದರು. ಹೊಗೆಯ ದಾರಿ ಮುಚ್ಚಿದ್ದರಿಂದ ಮನೆಗೆ ಒಳ್ಳೆಯದೇ ಆಯಿತು. ನೀರಿನ ದಾರಿ ಮುಚ್ಚಿದ್ದರ ಫಲವನ್ನು ನೀವು ಈಗ ಉಣ್ಣುತ್ತಿದ್ದೀರಿ.

ಅಟ್ಟದ ಕಪ್ಪಿನಿಂದ ಶುರು ಮಾಡೋಣ. ಅಲ್ಲಿ ಬೆಂಕಿ ಬಿದ್ದಿಲ್ಲ. ಹುಲ್ಲಿನ ಮಾಡಿಗೆ ಬೆಂಕಿ ಹತ್ತಿದ್ದರೆ ಆ ಹುಲ್ಲು ನಿಮ್ಮ ಕಣ್ಣಿಗೆ ಬೀಳಲು ಉಳಿಯುತ್ತಲೇ ಇರಲಿಲ್ಲ. ನೀವು ನೋಡಿದ್ದು ಇಲ್ಲಣ. ಮಲೆನಾಡಿನ ಹಳೆಯ ಅಡುಗೆಮನೆಯ ಅಟ್ಟ ಕಂಡವರಿಗೆ ಅದರ ಗುರುತು ಏಜೆಂಟರಿಗಿಂತ ಬೇಗ ಹತ್ತಬೇಕು. ಟಾರ್ಚ್ ಹಿಡಿದು ಇನ್ನೊಮ್ಮೆ ಹತ್ತಿ, ಹತ್ತಿರದಿಂದ ನೋಡಿ. ಸುಟ್ಟ ಮರವಾದರೆ ಮೈ ಚೌಕಚೌಕವಾಗಿ ಬಿರಿದಿರುತ್ತದೆ, ಅಂಚುಗಳು ಉಂಡೆಯಾಗಿರುತ್ತವೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಹೊಗೆ ಕುಡಿದ ಮರದ ಅಂಚು ಚೂಪಾಗಿಯೇ ಇರುತ್ತದೆ. ಬಡಗಿಯ ಕೊಡಲಿ ಗುರುತು ಕೂಡ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮೇಲೆ ಮಾತ್ರ ತೆಳುವಾದ, ಹೊಳಪಿರುವ ಕರಿಯ ಜಿಡ್ಡು ಕಟ್ಟಿರುತ್ತದೆ. ಹುಲ್ಲಿನ ಕೆಳಪದರದಲ್ಲೂ ಅದೇ ಜಿಡ್ಡು, ಪಕಾಸಿಗಳಿಗೆ ಹುಲ್ಲನ್ನು ಕಟ್ಟಿದ ಹುರಿಯ ಮೇಲೂ ಅದೇ.

ಅಂದರೆ ನಿಮ್ಮ ಮನೆಗೆ ಮೊದಲು ಮಹಡಿಯೂ ಇರಲಿಲ್ಲ, ಚಿಮಣಿಯೂ ಇರಲಿಲ್ಲ. ಮಧ್ಯಯುಗದ ಕೊನೆಯ ಹೊತ್ತಿಗೆ ಡೆವನ್‌ನ ಸ್ಥಿತಿವಂತ ರೈತನ ಮನೆಯೆಂದರೆ ಉದ್ದಕ್ಕೆ ಸಾಲಾಗಿ ಮೂರು ಭಾಗ. ಮಧ್ಯದಲ್ಲಿ ನಡುಮನೆ: ನೆಲದಿಂದ ಮಾಡಿನ ನೆತ್ತಿಯವರೆಗೆ ಅಡೆತಡೆಯಿಲ್ಲದೆ ತೆರೆದ ಕೋಣೆ. ಅದರ ನೆಲದ ಮೇಲೆಯೇ ಒಲೆ. ಒಂದು ತುದಿಗೆ ಒಳಕೋಣೆ. ಇನ್ನೊಂದು ಕಡೆಯಲ್ಲಿ, ಮುಂಬಾಗಿಲಿನಿಂದ ಹಿಂಬಾಗಿಲಿಗೆ ಮನೆಯನ್ನು ಅಡ್ಡಲಾಗಿ ಹಾಯುವ ಓಣಿ; ಓಣಿಯಾಚೆ ಹಾಲು, ಬೆಣ್ಣೆ, ಬಿಯರು, ಸಾಮಾನು ಇಡುವ ಕೋಣೆ. ಡಾರ್ಟ್‌ಮೂರ್‌ನ ಎತ್ತರದ ಸೀಮೆಯಲ್ಲಿ ಆ ಕೆಳತುದಿಯೇ ದನದ ಕೊಟ್ಟಿಗೆ. ಜನವೂ ದನವೂ ಒಂದೇ ಬಾಗಿಲಿನಿಂದ ಓಣಿಗೆ ಬಂದು, ಅಲ್ಲಿಂದ ಜನ ಮೇಲ್ಗಡೆಗೆ, ದನ ಕೆಳಗಡೆಗೆ ತಿರುಗುತ್ತಿದ್ದರು. ಪೌಂಡ್ಸ್‌ಗೇಟ್ ಹಳ್ಳಿಯ ಹೈಯರ್ ಅಪ್ಪಾಕಾಟ್ ಅಂಥ ಮನೆ, ಮೊದಲ ದರ್ಜೆಯ ಸಂರಕ್ಷಿತ ಕಟ್ಟಡ. ನಿಮ್ಮ ಅಟ್ಟದಲ್ಲಿ ಇರುವಂಥ ಕರಿಹುಲ್ಲು ಅಲ್ಲೂ ಉಳಿದಿದೆ. ಕ್ರೆಡಿಟನ್ ಸೀಮೆಯ ಮನೆಗಳಲ್ಲಿ ಕೊಟ್ಟಿಗೆ ಬೇರೆಯೇ ಇರುತ್ತಿತ್ತು.

ನಡುಮನೆಯ ಹೊಗೆ ಮೇಲೇರಿ, ಮಾಡಿನ ಒಳಗೆ ಸುಳಿದು, ಹುಲ್ಲಿನ ಸಂದಿಯಿಂದ, ಗಾಜಿಲ್ಲದ ಕಿಟಕಿಗಳಿಂದ ನಿಧಾನವಾಗಿ ಹೊರಹೋಗುತ್ತಿತ್ತು. ಕಣ್ಣುರಿ ಇದ್ದೇ ಇತ್ತು, ಆದರೆ ಕುಳಿತವರ ತಲೆಯ ಮಟ್ಟಕ್ಕಿಂತ ಮೇಲೆ ಹೊಗೆ ನಿಲ್ಲುವಷ್ಟು ಎತ್ತರ ಮಾಡಿಗಿತ್ತು. ಹೊಗೆಯಿಂದ ಹುಲ್ಲು ಒಣಗಿರುತ್ತಿತ್ತು, ಹುಳ ಹತ್ತುತ್ತಿರಲಿಲ್ಲ.

ಈಗ ಆ ಹುಲ್ಲಿನ ಬೆಲೆ ಏನೆಂದು ಹೇಳುತ್ತೇನೆ. ಡೆವನ್‌ನಲ್ಲಿ ಹುಲ್ಲು ಹೊದಿಸುವವರು ಹಳೆಯ ಹೊದಿಕೆಯನ್ನು ಬುಡಸಮೇತ ಕೀಳುವ ರೂಢಿಯಿಲ್ಲ. ಕೊಳೆತ ಮೇಲ್ಪದರವನ್ನು ಕೆರೆದು, ಉಳಿದದ್ದರ ಮೇಲೆ ಹೊಸ ಪದರವನ್ನು ಹೇಝಲ್ ಕಡ್ಡಿಗಳಿಂದ ಚುಚ್ಚಿ ಕೂರಿಸುತ್ತಾರೆ. ಹೀಗಾಗಿ ಎಲ್ಲಕ್ಕಿಂತ ಕೆಳಗಿನ ಪದರ ಮನೆ ಕಟ್ಟಿದ ದಿನ ಹೊದಿಸಿದ್ದೇ ಆಗಿರಬಹುದು. ಇಂಗ್ಲೆಂಡಿನಲ್ಲಿ ಇಂಥ ಕರಿಹುಲ್ಲು ಉಳಿದ ಮನೆಗಳ ಪೈಕಿ ಬಹುಪಾಲು ಡೆವನ್ ಒಂದರಲ್ಲೇ ಇವೆ. ಆ ಪದರಗಳಿಂದ ಸಸ್ಯವಿಜ್ಞಾನಿಗಳು ಮಧ್ಯಯುಗದ ಗೋಧಿ, ರೈ, ಓಟ್ಸ್‌ಗಳನ್ನು ತೆನೆ ಸಮೇತ ಬಿಡಿಸಿ ತೆಗೆದಿದ್ದಾರೆ; ಬೆಳೆಯ ಜೊತೆ ಕೊಯ್ದು ಬಂದ ಕಳೆಗಿಡಗಳನ್ನು ಕೂಡ. ಇಂದು ಇಂಗ್ಲೆಂಡಿನ ಹೊಲಗಳಿಂದ ಹೆಚ್ಚುಕಡಿಮೆ ಕಣ್ಮರೆಯಾದ ಕಾರ್ನ್‌ಕಾಕಲ್ ಕಳೆಯ ಬೀಜ ಅಲ್ಲಿ ಸಿಗುತ್ತದೆ. ಅಷ್ಟು ಹಳೆಯ ತೆನೆ ತೇವ ತಾಗದೆ, ಕೊಳೆಯದೆ ಉಳಿಯುವ ಜಾಗ ಬೇರೆಲ್ಲಿಯೂ ಸುಲಭವಾಗಿ ಸಿಗದು. ಮುಂದೆ ಮಾಡಿನ ಕೆಲಸ ಬಂದಾಗ ‘ಎಲ್ಲ ಕಿತ್ತು ಹೊಸದಾಗಿ ಹಾಕಿಬಿಡೋಣ’ ಎನ್ನುವವರಿಗೆ ಕೆಲಸ ಕೊಡಬೇಡಿ. ಆ ಕರಿಪದರವೂ ಸಂರಕ್ಷಿತ ಕಟ್ಟಡದ ಭಾಗವೇ.

ಅಟ್ಟದಲ್ಲಿ ಇನ್ನೊಂದನ್ನು ಗಮನಿಸಿ. ಕೋಣೆಗಳ ನಡುವಿನ ಅಡ್ಡಗೋಡೆ ಮಾಡಿನವರೆಗೂ ಏರಿ ನಿಂತಿರುವ ಕಡೆ, ಅದರ ಎರಡೂ ಪಕ್ಕದ ಮರಗಳನ್ನು ನೋಡಿ. ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಬೆಳ್ಳಗೆ ಇದ್ದರೆ ಗೋಡೆ ಹೊಗೆಯ ಕಾಲದ್ದೇ. ಎರಡೂ ಪಕ್ಕ ಕಪ್ಪಾಗಿದ್ದರೆ ಗೋಡೆ ಆಮೇಲೆ ಬಂದದ್ದು. ಮೊದಲಿದ್ದದ್ದು ಆಳೆತ್ತರದ ಹಲಗೆಯ ತಡಿಕೆ ಮಾತ್ರ, ಅದರ ಮೇಲಿಂದ ಹೊಗೆ ಮನೆಯ ಈ ತುದಿಯಿಂದ ಆ ತುದಿಗೆ ಆಡುತ್ತಿತ್ತು. ಡೆವನ್‌ನಲ್ಲಿ ಎರಡನೆಯ ಬಗೆ ಸಾಮಾನ್ಯ. ಮಾಡಿನ ಮುಖ್ಯ ಮರಗಳ ಕಾಲು ಎಲ್ಲಿಗೆ ಇಳಿಯುತ್ತದೆ ಎಂಬುದನ್ನೂ ನೋಡಿ. ಸೂರಿನ ಮಟ್ಟದಲ್ಲಿ ಇಳಿಜಾರಿನ ಮರವೊಂದು ನೆಟ್ಟಗಿನ ಕಂಬವೊಂದಕ್ಕೆ ಮರದ ಮೊಳೆಗಳಿಂದ ಕೂಡಿಕೊಂಡು, ಆ ಕಂಬ ಮಣ್ಣಿನ ಗೋಡೆಯೊಳಗೆ ಹುದುಗಿದ್ದರೆ ಅದು ಈ ಸೀಮೆಯ ಬಡಗಿಗಳ ಅಚ್ಚುಮೆಚ್ಚಿನ ಕಟ್ಟಣೆ. ಅವರಿಗೆ ಬೇಕಾದಷ್ಟು ಉದ್ದದ ಬಾಗಿದ ಓಕ್ ಸಿಗುತ್ತಿರಲಿಲ್ಲವೆಂದು ಎರಡು ತುಂಡು ಕೂಡಿಸಿದರು ಎಂದು ಕೆಲವರು ವಾದಿಸುತ್ತಾರೆ. ನನಗೇನೋ ಅದು ಜಾಣತನದ ಆಯ್ಕೆ ಎಂದೇ ಅನ್ನಿಸುತ್ತದೆ: ಮಣ್ಣಿನ ಗೋಡೆಗೆ ನೆಟ್ಟಗಿನ ಕಂಬ ಹೊಂದುವಷ್ಟು ಬಾಗಿದ ಮರ ಹೊಂದದು.

ಹಡಗಿನ ಕಥೆಗೆ ಹೆಚ್ಚು ಹೊತ್ತು ಬೇಡ. ಇಂಗ್ಲೆಂಡಿನ ಹಳೆಯ ಮನೆ ತೋರಿಸುವವರಲ್ಲಿ ಮೂವರಿಗೆ ಇಬ್ಬರು ಅದನ್ನೇ ಹೇಳುತ್ತಾರೆ. 1588ರಲ್ಲಿ ಸ್ಪೇನಿನ ನೌಕಾಪಡೆ ಸೋತದ್ದು ನಿಜ, ಆದರೆ ನಿಮ್ಮ ಮಾಡು ಅದಕ್ಕಿಂತ ಹಳೆಯದು. ಕ್ರೆಡಿಟನ್‌ಗೆ ಸಮುದ್ರವೂ ಹತ್ತಿರವಿಲ್ಲ. ಬಡಗಿಗಳು ಓಕ್ ಕಡಿದು, ಹಸಿಯಾಗಿರುವಾಗಲೇ ಕೊಡಲಿಯಲ್ಲಿ ಹದ ಮಾಡಿ ಏರಿಸುತ್ತಿದ್ದರು, ಏಕೆಂದರೆ ಒಣಗಿದ ಓಕ್ ಉಳಿಗೆ ಜಗ್ಗುವುದಿಲ್ಲ. ಮರದ ವರ್ಷಉಂಗುರಗಳನ್ನು ಅಳೆದು ಕಡಿದ ವರ್ಷವನ್ನು, ಕೆಲವೊಮ್ಮೆ ಋತುವನ್ನೂ ಹೇಳುವ ವಿಧಾನ ಬಂದ ಮೇಲೆ ಇದು ಮತ್ತೆಮತ್ತೆ ಖಚಿತವಾಗಿದೆ. ತೊಲೆಗಳಲ್ಲಿ ಯಾವುದಕ್ಕೂ ಸೇರದ ಖಾಲಿ ಕಚ್ಚುಗಳು ಕಾಣುವುದರಿಂದ ಈ ಕಥೆ ಹುಟ್ಟಿಕೊಂಡಿತು. ಅವು ಬೇರೊಂದು ಮನೆಯಿಂದಲೋ ಕಣಜದಿಂದಲೋ ಬಿಚ್ಚಿ ತಂದ ಮರಗಳು. ಮರ ದುಬಾರಿ, ಯಾರೂ ಬಿಸಾಡುತ್ತಿರಲಿಲ್ಲ.

ಚಿಮಣಿ ಬಂದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಎಸೆಕ್ಸ್‌ನ ರಾಡ್ವಿಂಟರ್ ಹಳ್ಳಿಯ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ತನ್ನ ನಾಡಿನ ವರ್ಣನೆ ಬರೆಯುತ್ತ, ಊರಿನ ಮುದುಕರು ತಮ್ಮ ಕಾಲದಲ್ಲೇ ಮೂರು ಸಂಗತಿಗಳು ಬೆರಗಾಗುವಷ್ಟು ಬದಲಾದವು ಎನ್ನುತ್ತಿದ್ದರೆಂದು ದಾಖಲಿಸಿದ್ದಾನೆ. ಮರದ ತಟ್ಟೆಯ ಬದಲು ತವರದ ತಟ್ಟೆ ಬಂದದ್ದು ಒಂದು. ತಲೆಗೆ ಮರದ ತುಂಡು ಇಟ್ಟುಕೊಂಡು ಹುಲ್ಲಿನ ಮೇಲೆ ಮಲಗುತ್ತಿದ್ದವರಿಗೆ ದಿಂಬು, ಹಾಸಿಗೆ ಬಂದದ್ದು ಇನ್ನೊಂದು. ಮೊದಲ ಸ್ಥಾನ ಚಿಮಣಿಗಳದ್ದು: ಅವರ ಬಾಲ್ಯದಲ್ಲಿ ಊರಿಗೆ ಎರಡೋ ಮೂರೋ ಇದ್ದವಂತೆ, ಈಗ ಎಲ್ಲಿ ನೋಡಿದರೂ ಚಿಮಣಿ. ಹ್ಯಾರಿಸನ್‌ಗೆ ಇದು ಪೂರ್ತಿ ಹಿಡಿಸಿರಲಿಲ್ಲ. ಹೊಗೆಯಿದ್ದಾಗ ಮನೆಯ ಮರ ಗಟ್ಟಿಯಾಗುತ್ತಿತ್ತು, ಯಜಮಾನನಿಗೂ ನೆಗಡಿ ಬರುತ್ತಿರಲಿಲ್ಲ, ಚಿಮಣಿ ಬಂದ ಮೇಲೆ ನಾಜೂಕಿನವರೆಲ್ಲ ಮೂಗು ಸೋರುತ್ತದೆ ಎಂದು ಗೊಣಗುತ್ತಾರೆ ಎಂದು ಆತ ಅಣಕಿಸುತ್ತಾನೆ. ಡೆವನ್‌ನ ಎಕ್ಸೆಟರ್ ನಗರದಲ್ಲೇ ಹುಟ್ಟಿದ ಇತಿಹಾಸಕಾರ ಡಬ್ಲ್ಯೂ. ಜಿ. ಹಾಸ್ಕಿನ್ಸ್ 1953ರಲ್ಲಿ, 1570ರಿಂದ 1640ರವರೆಗಿನ ಎಪ್ಪತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಹಳ್ಳಿಮನೆಗಳು ಸಾಮೂಹಿಕವಾಗಿ ಮರುನಿರ್ಮಾಣವಾದವು ಎಂದು ವಾದಿಸಿದರು. ಆ ಅವಧಿಯನ್ನು ಆಮೇಲಿನ ವಿದ್ವಾಂಸರು ಹಿಗ್ಗಿಸಿದ್ದಾರೆ, ಕುಗ್ಗಿಸಿದ್ದಾರೆ. ಡೆವನ್‌ನ ಮನೆಗಳಿಗೆ ಮಾತ್ರ ಅದು ಚೆನ್ನಾಗಿಯೇ ಹೊಂದುತ್ತದೆ.

ನಿಮ್ಮ ಮನೆಯಲ್ಲಿ ಆದದ್ದು ಬಹುಶಃ ಇಷ್ಟು. ನಡುಮನೆ ಮತ್ತು ಓಣಿಯ ನಡುವೆ, ಓಣಿಗೆ ಬೆನ್ನು ಕೊಟ್ಟಂತೆ ಕಲ್ಲಿನ ದೊಡ್ಡ ಚಿಮಣಿ ಎದ್ದಿತು. ಹೊಗೆಗೆ ಅದರದೇ ದಾರಿ ಸಿಕ್ಕ ಮೇಲೆ ನಡುಮನೆಯ ಮೇಲಿನ ಅಷ್ಟೂ ಎತ್ತರ ವ್ಯರ್ಥ ಎನ್ನಿಸಿತು. ಅರ್ಧದಲ್ಲಿ ತೊಲೆ, ಜಂತೆ ಹಾಯಿಸಿ ಹಲಗೆ ಹಾಕಿ ಮಹಡಿ ಮಾಡಿದರು. ಮೇಲೆ ಮಲಗುವ ಕೋಣೆ, ಕೆಳಗೆ ನಿಮ್ಮ ಈಗಿನ ದೊಡ್ಡ ಕೋಣೆ. ಆ ತೊಲೆಯ ಕೆಳ ಅಂಚುಗಳನ್ನು ಓರೆಯಾಗಿ ಕೆತ್ತಿ, ಗೋಡೆ ಮುಟ್ಟುವ ಮುನ್ನ ಕೆತ್ತನೆಯನ್ನು ಒಂದು ಸಣ್ಣ ಅಲಂಕಾರದಿಂದ ನಿಲ್ಲಿಸಿರುತ್ತಾರೆ. ಆ ಅಲಂಕಾರ ಎರಡೂ ತುದಿಯಲ್ಲಿ ಪೂರ್ತಿಯಾಗಿ ಕಂಡರೆ ಕೋಣೆಯ ಅಳತೆ ಅಂದಿನದೇ. ಒಂದು ತುದಿಯಲ್ಲಿ ಗೋಡೆಯೊಳಗೆ ನುಂಗಿಹೋಗಿದ್ದರೆ ಆ ಗೋಡೆ ಆಮೇಲಿನದು.

ಅಗ್ಗಿಷ್ಟಿಕೆಯ ಮೇಲಿನ ದಪ್ಪ ಓಕ್ ತೊಲೆಯಲ್ಲಿ ಕಣ್ಣೀರ ಹನಿಯ ಆಕಾರದ ಸುಟ್ಟ ಕಲೆಗಳು ಇದ್ದರೆ ಉಜ್ಜಿ ತೆಗೆಯಲು ಹೋಗಬೇಡಿ. ಉರಿಯುವ ಬತ್ತಿಯನ್ನು ಮರಕ್ಕೆ ಹಿಡಿದು ಬೇಕೆಂದೇ ಮಾಡಿದ ಗುರುತುಗಳು ಅವು; ಕೆಡುಕು ಚಿಮಣಿಯಿಂದ ಇಳಿಯದಿರಲಿ ಎಂಬ ನಂಬಿಕೆಯಿಂದ ಮಾಡಿದ್ದು ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅದೇ ಕಾರಣಕ್ಕೆ ಚಿಮಣಿಯ ಸಂದಿಯಲ್ಲಿ ಹಳೆಯ ಷೂ ಬಚ್ಚಿಟ್ಟವರೂ ಉಂಟು. ಸಿಕ್ಕಿದ ಅಂಥ ಷೂಗಳ ಪಟ್ಟಿಯನ್ನು ನಾರ್ಥಾಂಪ್ಟನ್ ವಸ್ತುಸಂಗ್ರಹಾಲಯ ಇಟ್ಟುಕೊಂಡಿದೆ. ಒಲೆಯ ಪಕ್ಕದ ಗೋಡೆಯಲ್ಲಿ ದುಂಡಗಿನ ಗೂಡಿನಂಥದ್ದು ಇದ್ದರೆ ಇಣುಕಿ ನೋಡಿ, ಉತ್ತರ ಡೆವನ್‌ನ ಕುಂಬಾರರು ಸುಟ್ಟ ಜೇಡಿಮಣ್ಣಿನ ರೊಟ್ಟಿಗೂಡು ಇದ್ದೀತು. ಒಳಗೆ ಕಟ್ಟಿಗೆ ಉರಿಸಿ, ಬೂದಿ ಬಳಿದು ತೆಗೆದು, ರೊಟ್ಟಿ ಇಟ್ಟು, ಮಣ್ಣಿನದೇ ಬಾಗಿಲು ಮುಚ್ಚುತ್ತಿದ್ದರು. ಇವು ಅಟ್ಲಾಂಟಿಕ್ ದಾಟಿ ವರ್ಜೀನಿಯದ ಜೇಮ್ಸ್‌ಟೌನ್‌ವರೆಗೂ ಹೋಗಿದ್ದವು. 1662ರಿಂದ 1689ರವರೆಗೆ ಸರ್ಕಾರ ಪ್ರತಿ ಒಲೆಗೆ ವರ್ಷಕ್ಕೆ ಎರಡು ಷಿಲಿಂಗ್ ತೆರಿಗೆ ಹಾಕಿತ್ತು. ಅದರ ಪಟ್ಟಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ನಿಮ್ಮ ಹಳ್ಳಿಯಲ್ಲಿ ಯಾರ ಮನೆಗೆ ಎಷ್ಟು ಒಲೆ ಎಂದು ಹುಡುಕಬಹುದು. ಹೊತ್ತು ಹೋಗುವ ಕೆಲಸ, ಆದರೆ ಚಟ ಹತ್ತಿಸುತ್ತದೆ.

ಇಷ್ಟು ಹೇಳಿದ ಮೇಲೆ ನಿಮಗೇ ಹೊಳೆದಿರಬೇಕು: ನಿಮ್ಮ ‘ಕಾಟೇಜ್’ ಕಟ್ಟಿಸಿದವನು ಬಡವನಲ್ಲ. ಅಂದಿನ ಕೂಲಿಯವನ ಗುಡಿಸಲು ಐನೂರು ವರ್ಷ ನಿಂತಿಲ್ಲ, ನಿಲ್ಲುವ ಹಾಗೆ ಕಟ್ಟಿದ್ದೂ ಅಲ್ಲ. 1589ರ ಕಾನೂನಿನ ಪ್ರಕಾರ ಹೊಸ ಕಾಟೇಜ್ ಕಟ್ಟಬೇಕಾದರೆ ಅದರ ಜೊತೆ ನಾಲ್ಕು ಎಕರೆ ನೆಲ ಇರಬೇಕಿತ್ತು. ಬಡವರು ಎಲ್ಲೆಂದರಲ್ಲಿ ಸೂರು ಎಬ್ಬಿಸದಂತೆ ತಡೆಯುವ ಆ ಕಟ್ಟಳೆ 1775ರವರೆಗೂ ಕಾಗದದ ಮೇಲೆ ಇತ್ತು. ನಿಮ್ಮದರಂಥ ರೈತಮನೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಂತಸ್ತು ಕಳೆದುಕೊಂಡವು. ಜಮೀನುಗಳು ಒಂದಾಗಿ ದೊಡ್ಡ ರೈತ ಹೊಸ ಮನೆ ಕಟ್ಟಿಕೊಂಡ; ಹಳೆಯದನ್ನು ಎರಡು ಮೂರು ಪಾಲು ಮಾಡಿ ಕೂಲಿಯ ಕುಟುಂಬಗಳಿಗೆ ಬಿಟ್ಟುಕೊಟ್ಟ. ಮನೆಯ ಮುಂಭಾಗದಲ್ಲಿ ಮುಚ್ಚಿದ ಬಾಗಿಲುಗಳ ಗುರುತು ಹುಡುಕಿ, ಸಿಕ್ಕೀತು. ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಣದವರು ಕೊಂಡು ಪಾಲುಗಳನ್ನು ಮತ್ತೆ ಕೂಡಿಸಿದರು. ಗುಲಾಬಿ ಹಬ್ಬಿದ, ಹುಲ್ಲಿನ ಮಾಡು ಹಣೆಗಿಳಿದ ಚಿತ್ರದ ಕಾಟೇಜ್ ಶ್ರೀಮಂತರ ರುಚಿಯ ಫಲ. ಬ್ರಿಸ್ಟಲ್ ಹತ್ತಿರದ ಬ್ಲೇಝ್ ಹ್ಯಾಮ್ಲೆಟ್‌ನಲ್ಲಿ 1811ರ ಸುಮಾರಿಗೆ ವಾಸ್ತುಶಿಲ್ಪಿ ಜಾನ್ ನ್ಯಾಷ್ ಒಬ್ಬ ಧಣಿಯ ನಿವೃತ್ತ ಆಳುಗಳಿಗಾಗಿ ಒಂದರಂತೆ ಇನ್ನೊಂದಿಲ್ಲದ ಅಂಥ ಪುಟ್ಟ ಮನೆಗಳನ್ನು ಬಿಡಿಸಿದ. ನೋಡಲು ಚೆಂದ. ನಿಮ್ಮ ಮನೆಯ ಪಕ್ಕ ನಿಲ್ಲಿಸಿದರೆ ನಾಟಕದ ಪರದೆ.

ಇನ್ನು ಗೋಡೆ. ನೀವು ತಡೆಯಬೇಕಾದ ಅನಾಹುತ ಇಲ್ಲಿದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಕ್ರೆಡಿಟನ್ ಸುತ್ತಲಿನ ಹೊಲದ ಮಣ್ಣು ಕೆಂಪು. ಗಿಲಾವು ಉದುರಿದ ಕಡೆ ನಿಮ್ಮ ಗೋಡೆಯೂ ಅದೇ ಕೆಂಪು. ಮೇಲ್ಮಣ್ಣು ಬಿಟ್ಟು ಅದರ ಕೆಳಗಿನ ಜೇಡಿ ಬೆರೆತ ಮಣ್ಣನ್ನು ಅಗೆದು, ನೀರು, ಹುಲ್ಲು ಸೇರಿಸಿ ಆಳುಗಳೋ ಎತ್ತುಗಳೋ ತುಳಿದು ಹದ ಮಾಡುತ್ತಿದ್ದರು. ಅಚ್ಚಿಲ್ಲ, ಇಟ್ಟಿಗೆಯಿಲ್ಲ. ಮೊಳಕಾಲೆತ್ತರದ ಕಲ್ಲಿನ ಅಡಿಗಟ್ಟಿನ ಮೇಲೆ ಹದಮಣ್ಣನ್ನು ಕವೆಗೋಲಿನಿಂದ ಎತ್ತಿ ಹಾಕಿ, ತುಳಿದು, ಎರಡಡಿಯಷ್ಟು ಏರಿಸಿ ಬಿಡುವುದು. ವಾರಗಟ್ಟಲೆ ಒಣಗಿದ ಮೇಲೆ ಇನ್ನೊಂದು ವರಸೆ. ಬದಿಗಳನ್ನು ಆಮೇಲೆ ಗುದ್ದಲಿಯಂಥ ಸಲಕರಣೆಯಿಂದ ಕೆತ್ತಿ ನೇರ ಮಾಡುವುದು. ಮೂಲೆಗಳನ್ನು ದುಂಡಗೆ ಬಿಡುತ್ತಿದ್ದರು, ಚೂಪು ಮೂಲೆ ಬಿರುಕು ಬಿಡುತ್ತದೆ ಎಂದು. ಗೋಡೆಯ ದಪ್ಪ ಎರಡರಿಂದ ಮೂರಡಿ. ಮೊದಲನೆಯ ಎಲಿಝಬೆತ್ ರಾಣಿಯ ಕಾಲದ ನಾವಿಕ ಸರ್ ವಾಲ್ಟರ್ ರಾಲೀ ಹುಟ್ಟಿದ, ಈಸ್ಟ್ ಬಡ್ಲೀ ಹತ್ತಿರದ ಹೇಯ್ಸ್ ಬಾರ್ಟನ್ ಕೂಡ ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಯೇ, ಇಂದಿಗೂ ನಿಂತಿದೆ.

ಒಳ್ಳೆಯ ಟೋಪಿ, ಒಳ್ಳೆಯ ಬೂಟು ಕೊಟ್ಟರೆ ಮಣ್ಣಿನ ಗೋಡೆಗೆ ಸಾವಿಲ್ಲ ಎಂಬ ಮಾತು ಡೆವನ್‌ನಲ್ಲಿದೆ. ಟೋಪಿ ಹುಲ್ಲಿನ ಮಾಡು, ಬೂಟು ಕಲ್ಲಿನ ಅಡಿಗಟ್ಟು. ಇವೆರಡರ ನಡುವಿನ ಮೈಗೆ ಅವರು ಸುಣ್ಣ ಬಳಿದರು. ಸುಣ್ಣದ ಗಿಲಾವಿಗೂ ಮಣ್ಣಿಗೂ ಹೊಂದಾಣಿಕೆಯಿದೆ: ಮಳೆ ಬಿದ್ದಾಗ ಹೊರಮೈ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲು ಗಾಳಿ ಬಂದಾಗ ಕುಡಿದದ್ದನ್ನು ಬಿಟ್ಟುಕೊಡುತ್ತದೆ. ನೆಲದಿಂದ ಏರಿದ ಪಸೆಯೂ ಒಳಗಿನ ಜನರ ಉಸಿರು, ಅಡುಗೆಯ ಹಬೆಯೂ ಹಾಗೆಯೇ ಹೊರಬೀಳುತ್ತವೆ. ಗೋಡೆಯಲ್ಲಿ ಒಂದಿಷ್ಟು ತೇವ ಯಾವಾಗಲೂ ಇರುತ್ತದೆ, ಇರಬೇಕು ಕೂಡ. ಪೂರಾ ಒಣಗಿದ ಜೇಡಿಗೆ ಹಿಡಿತವಿಲ್ಲ. ಆದರೆ ತೇವ ಒಂದು ಮಿತಿ ದಾಟಿತೋ, ಮಣ್ಣು ಮತ್ತೆ ಕೆಸರಾಗುತ್ತದೆ. ಬುಡ ಕುಸಿದು ಗೋಡೆ ಒಂದೇ ರಾತ್ರಿಯಲ್ಲಿ ಕೆಳಗೆ ಬಂದ ಉದಾಹರಣೆಗಳಿವೆ. ಅಂಥ ಕಡೆಗಳಲ್ಲಿ ಮತ್ತೆಮತ್ತೆ ಕಾಣುವುದು ಒಂದೇ: ಹೊರಗೆ ಗಟ್ಟಿ ಸಿಮೆಂಟಿನ ಗಿಲಾವು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಇಂಥ ಮನೆಗಳ ಮೈಗೆ ಅದು ಮೆತ್ತಿದ್ದು ಬಹುಮಟ್ಟಿಗೆ ಕಳೆದ ಶತಮಾನದಲ್ಲಿ. ಸಿಮೆಂಟ್ ಬಿಗಿ, ಮಣ್ಣು ಅಲುಗುವಂಥದ್ದು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಹೋದ ನೀರಿಗೆ ಹೊರಬರಲು ಅಷ್ಟೇ ಅಗಲದ ಬಿರುಕು ಸಾಲದು. ಅದು ಕೆಳಗಿಳಿದು ಬುಡದಲ್ಲಿ ಸೇರುತ್ತದೆ. ಹೊರಗೆ ದಾರಿಯಿಲ್ಲದೆ ಕೋಣೆಯ ಕಡೆಗೆ ತಿರುಗುತ್ತದೆ. ನಿಮಗೆ ಮೊಣಕಾಲೆತ್ತರದಲ್ಲಿ ಕಂಡದ್ದು ಅದೇ. ಈಗ ಒಳಗಿನಿಂದಲೂ ಸಿಮೆಂಟ್ ಬಳಿದರೆ ಒದ್ದೆ ಕಣ್ಣಿಗೆ ಕಾಣುವುದಿಲ್ಲ. ಎರಡು ವರ್ಷ ಎಲ್ಲರಿಗೂ ಸಮಾಧಾನ. ಗೋಡೆಯ ಹೊಟ್ಟೆಯಲ್ಲಿ 500 ವರ್ಷದ ಮಣ್ಣು ಕೆಸರಾಗುತ್ತಿರುತ್ತದೆ. ರಾಸಾಯನಿಕ ಚುಚ್ಚುವುದು ಇಟ್ಟಿಗೆಯ ಸಾಲುಗಳಿಗೆಂದು ರೂಪಿಸಿದ ಉಪಾಯ, ಮಣ್ಣಿನ ಗೋಡೆಗೆ ಅದರಿಂದ ತೂತಿನ ಹೊರತು ಏನೂ ಆಗದು. ಗೋಡೆಗೆ ಎರಡು ಮುಳ್ಳು ಚುಚ್ಚಿ ಶೇಕಡಾ ಇಷ್ಟು ತೇವ ಎಂದು ತೋರಿಸುವ ಮೀಟರನ್ನೂ ನಂಬಬೇಡಿ. ಅದರ ಅಂಕಿಗಳು ಮರಕ್ಕೆ ಹೊಂದಿಸಿದವು. ಗೋಡೆಯಲ್ಲಿರುವ ಉಪ್ಪಿಗೂ ಅದು ಕೂಗುತ್ತದೆ.

ಹಾಗಾದರೆ ಮಾಡುವುದೇನು? ಮಳೆ ಸುರಿಯುವಾಗ ಕೊಡೆ ಹಿಡಿದು ಮನೆಯನ್ನು ಒಂದು ಸುತ್ತು ಹಾಕಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಹುಲ್ಲಿನ ಮಾಡಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟುವ ಪದ್ಧತಿಯಿಲ್ಲ. ಸೂರನ್ನು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿ ನೀರನ್ನು ದೂರ ಬೀಳಿಸುತ್ತಾರೆ. ಆದರೆ ಬೀಳುವ ಜಾಗದಲ್ಲಿ ಯಾರೋ ಕಾಂಕ್ರೀಟು ಹಾಸಿದ್ದರೆ ಅದು ಪುಟಿದು ಗೋಡೆಗೇ ಹೊಡೆಯುತ್ತದೆ. ಹೂವಿನ ಮಡಿ, ರಸ್ತೆಯ ಡಾಂಬರು, ಅಂಗಳದ ಮಣ್ಣು ಸೇರಿ ಹೊರಗಿನ ನೆಲ ಶತಮಾನಗಳಲ್ಲಿ ಏರಿರುತ್ತದೆ. ಎಷ್ಟೋ ಮನೆಗಳಲ್ಲಿ ಕಲ್ಲಿನ ಅಡಿಗಟ್ಟು ಪೂರ್ತಿ ಹೂತುಹೋಗಿ ಮಣ್ಣಿನ ಗೋಡೆಯೇ ನೆಲಕ್ಕೆ ತಾಗಿರುತ್ತದೆ. ಅಲ್ಲಿ ನೆಲವನ್ನು ತಗ್ಗಿಸಿ ಅಡಿಗಟ್ಟನ್ನು ಬಿಡಿಸುವುದೇ ಮೊದಲ ಚಿಕಿತ್ಸೆ, ಅಗ್ಗದ್ದೂ ಹೌದು. ಅಡಿಗಟ್ಟಿನ ತಳಕ್ಕಿಂತ ಕೆಳಗೆ ಮಾತ್ರ ಅಗೆಯಬೇಡಿ. ಅದರ ಕೆಳಗೆ ಬೇರೆ ಅಸ್ತಿವಾರವೇ ಇರಲಿಕ್ಕಿಲ್ಲ.

ಹೊರಗಿನ ಸಿಮೆಂಟನ್ನು ಬೆರಳ ಗೆಣ್ಣಿನಿಂದ ತಟ್ಟಿ. ಪೊಳ್ಳು ಸದ್ದು ಬಂದ ಕಡೆ ಅದು ಗೋಡೆ ಬಿಟ್ಟಿದೆ. ಬುಡದಲ್ಲಿ ಉಬ್ಬು ಕಂಡರೆ ಅಂದೇ ಮಣ್ಣಿನ ಕಟ್ಟಡ ಬಲ್ಲ ಎಂಜಿನಿಯರರನ್ನು ಕರೆಸಿ. ಸಿಮೆಂಟನ್ನು ಕೀಳಬೇಕಾದದ್ದು ನಿಜ, ಆದರೆ ಯಂತ್ರದ ಸುತ್ತಿಗೆಯಿಂದ ಒಂದೇ ದಿನದಲ್ಲಿ ಅಲ್ಲ. ಕೈ ಉಳಿಯಿಂದ, ತುಂಡುತುಂಡಾಗಿ. ಕೆಲವೊಮ್ಮೆ ಸೋತ ಗೋಡೆಯನ್ನು ಆ ಸಿಮೆಂಟಿನ ಪದರವೇ ಹಿಡಿದುಕೊಂಡಿರುತ್ತದೆ. ಕೊಚ್ಚಿಹೋದ ಜಾಗಕ್ಕೆ ಅದೇ ಬಗೆಯ ಮಣ್ಣಿನಿಂದ ಮಾಡಿ ಒಣಗಿಸಿದ ಗಟ್ಟಿಗಳನ್ನು ಕೂರಿಸುತ್ತಾರೆ. ಆಮೇಲೆ ಕಾಯಬೇಕು. ಇಂಚಿಗೆ ಒಂದು ತಿಂಗಳು ಎಂದು ಕೆಲಸದವರು ಲೆಕ್ಕ ಹೇಳುತ್ತಾರೆ. ಎರಡೂ ಮೈ ತೆರೆದ ಎರಡಡಿ ಗೋಡೆಗೆ ಒಂದು ವರ್ಷವಾದರೂ ಬೇಕು. ಒಣಗಿದ ಮೇಲೆ ಮೇಕೆ ಕೂದಲು ಸೇರಿಸಿದ ಸುಣ್ಣದ ಗಿಲಾವು, ಅದರ ಮೇಲೆ ತೆಳುವಾಗಿ ನಾಲ್ಕೈದು ಸಲ ಸುಣ್ಣ. ಹಿಮಗಡ್ಡೆ ಕಟ್ಟುವ ಚಳಿಯಲ್ಲಿ ಹಸಿ ಸುಣ್ಣ ಒಡೆದುಹೋಗುವುದರಿಂದ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈ ಕೆಲಸ. ಗಾರೆಯವರು ಎಂದು ಹೇಳಿಕೊಳ್ಳುವ ಎಲ್ಲರಿಗೂ ಸುಣ್ಣದ ಕೈ ಇರುವುದಿಲ್ಲ, ಹಿಂದೆ ಮಾಡಿದ ಮನೆ ತೋರಿಸಿ ಎನ್ನಿ. ಡೆವನ್‌ನ ಮಣ್ಣಿನ ಕಟ್ಟಡಗಳಿಗಾಗಿಯೇ ಇರುವ ಸಂಘವೂ, ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ ಪುರಾತನ ಕಟ್ಟಡ ಸಂರಕ್ಷಣಾ ಸಂಘವೂ ಸಲಹೆ ಕೊಡುತ್ತವೆ. ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ ಬಳಿಯುವುದು ನಿಮ್ಮ ಊರಿನಲ್ಲಿ ಇದ್ದ ರೂಢಿಯೇ. ಡೆವನ್‌ನ ಹಳ್ಳಿಗಳಲ್ಲೂ ಅದು ಕೆಲವು ವರ್ಷಗಳಿಗೊಮ್ಮೆ ಮರುಕಳಿಸುವ ಮನೆಗೆಲಸವಾಗಿತ್ತು.

ಮಾಡಿನ ಬಗ್ಗೆ ನೀವು ಕೇಳಿಲ್ಲ, ಎರಡೇ ಮಾತು. ಡೆವನ್‌ನ ಗೋಧಿಹುಲ್ಲಿನ ಹೊದಿಕೆ ಚೆನ್ನಾಗಿ ಹಾಕಿದರೆ 25ರಿಂದ 40 ವರ್ಷ ಬರುತ್ತದೆ. ನೆತ್ತಿಯನ್ನು ಮಾತ್ರ ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಇಂದಿನ ಗಿಡ್ಡ ಗೋಧಿ ಇದಕ್ಕೆ ಬಾರದು. ಮಾರಿಸ್ ವಿಜನ್‌ನಂಥ ಉದ್ದಕಾಂಡದ ಹಳೆಯ ತಳಿಗಳನ್ನು ಹುಲ್ಲಿಗೆಂದೇ ಬೆಳೆಯುವ ರೈತರಿದ್ದಾರೆ. ಅಗ್ಗಿಷ್ಟಿಕೆಗೆ ಹೊಸ ಕಬ್ಬಿಣದ ಸ್ಟೋವ್ ಕೂರಿಸುವ ಆಸೆಯಿದ್ದರೆ ಚಿಮಣಿಯನ್ನು ಒಳಗಿನಿಂದ ಪರೀಕ್ಷೆ ಮಾಡಿಸದೆ ಬೇಡ. ಹುಲ್ಲುಮಾಡಿನ ಮನೆಗಳಿಗೆ ಬೆಂಕಿ ಬರುವುದು ಹೆಚ್ಚಾಗಿ ಚಿಮಣಿಯ ದಾರಿಯಲ್ಲೇ.

ಕೊನೆಗೆ ಬಾಗಿಲು. ಆ ಕಾಲದವರು ಕುಳ್ಳರಾಗಿದ್ದರು ಎಂಬುದು ಅರ್ಧ ಸತ್ಯ ಕೂಡ ಅಲ್ಲ. ಮಧ್ಯಯುಗದ ಇಂಗ್ಲೆಂಡಿನ ಗಂಡಸಿನ ಸರಾಸರಿ ಎತ್ತರ ಸುಮಾರು 170 ಸೆಂಟಿಮೀಟರ್ ಎಂದು ಅಸ್ಥಿಗಳು ಹೇಳುತ್ತವೆ. ಇಂದಿನವರಿಗಿಂತ ಎರಡು ಮೂರು ಬೆರಳು ಕಡಿಮೆ, ಅಷ್ಟೇ. ತೊಂದರೆ ಬಂದದ್ದು ಇದ್ದ ಎತ್ತರದೊಳಗೆ ಮಹಡಿ ತುರುಕಿದ್ದರಿಂದ, ಜೊತೆಗೆ ನೆಲ ಏರಿದ್ದರಿಂದ. ಬಾಗಿಲಿನ ಮೇಲಿನ ಓಕ್ ಅಡ್ಡತೊಲೆಯನ್ನು ಕತ್ತರಿಸಲು ಅನುಮತಿ ಸಿಗದು, ಕೇಳಲೂ ಬೇಡಿ. ಸಂರಕ್ಷಿತ ಕಟ್ಟಡದ ಒಳಗನ್ನೂ ಹೊರಗನ್ನೂ ಕಾನೂನು ಒಂದೇ ಸಮ ಕಾಯುತ್ತದೆ. 1990ರ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಅಂಥ ಕೆಲಸ ಮಾಡಿಸುವುದು ಅಪರಾಧ, ಎರಡು ವರ್ಷದವರೆಗೆ ಸೆರೆಯೂ ಆಗಬಹುದು. ಹಿಂದಿನ ಮಾಲೀಕರು ಕದ್ದು ಮಾಡಿದ ಕೆಲಸವನ್ನು ಸರಿಪಡಿಸುವ ಹೊಣೆ ಕೂಡ ಈಗ ನಿಮ್ಮ ಹೆಗಲಿಗೆ ಬೀಳುತ್ತದೆ.

ಆದರೆ ನೆಲದ ಕಡೆಯಿಂದ ದಾರಿ ಇರಬಹುದು. ಕೆಳಗಿನ ಕೋಣೆಯ ಕಾರ್ಪೆಟ್ಟಿನ ಒಂದು ಮೂಲೆ ಎತ್ತಿ ನೋಡಿ. ಕಳೆದ ಶತಮಾನದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕಾಂಕ್ರೀಟ್ ಸುರಿದಿದ್ದರೆ, ಹಣೆಗೆ ಪೆಟ್ಟು ಕೊಡುತ್ತಿರುವುದೂ ಗೋಡೆಯನ್ನು ಒದ್ದೆ ಮಾಡುತ್ತಿರುವುದೂ ಆ ಕಾಂಕ್ರೀಟೇ ಇರಬಹುದು. ನೆಲದಡಿಯ ಪಸೆಗೆ ಕೋಣೆಯ ಮಧ್ಯದಲ್ಲಿ ಏಳಲು ಆಗದೆ, ಅಂಚಿಗೆ ಸರಿದು ಗೋಡೆ ಹತ್ತುತ್ತದೆ. ಅದನ್ನು ತೆಗೆದು ಸುಣ್ಣದ ಕಾಂಕ್ರೀಟಿನ ನೆಲ ಹಾಸಲು ಸ್ಥಳೀಯ ಮಂಡಳಿಯ ಸಂರಕ್ಷಣಾಧಿಕಾರಿಗಳು ಸಾಮಾನ್ಯವಾಗಿ ಮುಖ ಗಂಟಿಕ್ಕುವುದಿಲ್ಲ. ಹಳೆಯ ನೆಲದ ಮಟ್ಟ ಕೆಳಗಿದ್ದರೆ ಕೆಲವು ಇಂಚು ಎತ್ತರವೂ ದಕ್ಕೀತು. ಅಗೆಯುವಾಗ ಪುರಾತತ್ವ ಬಲ್ಲವರೊಬ್ಬರು ಜೊತೆಗಿರಬೇಕು ಎಂಬ ಷರತ್ತು ಹಾಕಬಹುದು, ಒಪ್ಪಿಕೊಳ್ಳಿ. ಅರ್ಜಿಗೆ ಶುಲ್ಕವಿಲ್ಲ, ತೀರ್ಮಾನಕ್ಕೆ ಸಾಮಾನ್ಯವಾಗಿ ಎಂಟು ವಾರ. ಹೊರಗಿನ ಸಿಮೆಂಟ್ ಕೀಳುವುದಕ್ಕೂ ಇದಕ್ಕೂ ಒಂದೇ ಅರ್ಜಿ ಹಾಕಿ, ಅಟ್ಟದ, ಗೋಡೆಯ ಬುಡದ, ನೆಲದ ಫೋಟೋಗಳನ್ನು ಲಗತ್ತಿಸಿ. ಈಗ ಹಾಕಿದರೆ ಬರುವ ಏಪ್ರಿಲಿಗೆ ಕೈ ಹಚ್ಚಬಹುದು.